ಎಲಿವೇಶನ್ನಿಗೆ ಕಟ್ಟಿದ ಹಗ್ಗ

ನಮ್ಮ ಹೊಸ ಮನೆಯಲ್ಲಿ ಬಟ್ಟೆ ಎಲ್ಲಿ ಒಗೆಯಬೇಕು, ಎಲ್ಲಿ ಒಣಹಾಕಬೇಕು ಎಂಬುದನ್ನು ತೀರ್ಮಾನಿಸಲು ಒಂದು ಸಭೆ ನಡೆಯಿತು. ಸಭೆಗೆ ನಮ್ಮ ಮಾವ, ಭಾವ, ನನ್ನ ಗಂಡ ಮತ್ತು ನಿಪ್ಪಾಣಿಯಿಂದ ಬಂದ ಇಂಜಿನಿಯರು ಹಾಜರಿದ್ದರು. ಈ ನಾಲ್ವರಲ್ಲಿ ಯಾರೂ ಹುಟ್ಟಿದಾಗಿನಿಂದ ಒಂದು ಕರವಸ್ತ್ರವನ್ನೂ ಒಗೆದವರಲ್ಲ. ಹೀಗಾಗಿ ಪೂರ್ವಗ್ರಹವಿಲ್ಲದೆ ಚರ್ಚೆ ನಡೆಸಲು ಇವರಿಗಿಂತ ಯೋಗ್ಯರು ಸಿಗುವಂತಿರಲಿಲ್ಲ. ಬಟ್ಟೆ ಒಗೆಯುವ ಇಬ್ಬರು, ಅಂದರೆ ನಾನು ಮತ್ತು ನನ್ನ ನೆಗೆಣ್ಣಿ, ಚಹಾ ಕೊಡಲು ಹೋಗಿ ಬರುವಾಗ ಕಿವಿಗೆ ಬಿದ್ದಷ್ಟನ್ನು ಕೇಳಿಸಿಕೊಂಡೆವು.

ನಮ್ಮೂರು ಅಂಕಲಿ. ಹೊಳೆಯ ದಂಡೆಗೆ ಕಬ್ಬು, ಅಥಣಿ ಕಡೆ ಸ್ವಲ್ಪ ದ್ರಾಕ್ಷಿ ತೋಟ. ಹಳೆಯ ಮನೆ ಮಣ್ಣಿನ ಗೋಡೆಯದು, ಒಂದೇ ಅಂತಸ್ತು. ಹಿತ್ತಲಲ್ಲಿ ಒಗೆಯುವ ಕಲ್ಲು, ಕಲ್ಲಿನ ಎದುರಿಗೇ ತಂತಿ. ಒಗೆದು, ಹಿಂಡಿ, ನಿಂತಲ್ಲೇ ತಿರುಗಿ ಒಣಹಾಕಿದರೆ ಕೆಲಸ ಮುಗಿಯುತ್ತಿತ್ತು. ಇಷ್ಟು ಸುಲಭವಾದದ್ದು ಮನೆತನದ ಮರ್ಯಾದೆಗೆ ಒಪ್ಪುವುದಿಲ್ಲ ಎಂದೋ ಏನೋ, ಅದನ್ನು ಕೆಡವಿ ಮೂರು ಅಂತಸ್ತು ಏರಿಸಲು ಹೊರಟೆವು. ಕೆಳಗೆ ದೊಡ್ಡ ಹಾಲು, ಅಡುಗೆಮನೆ, ದೇವರ ಮನೆ, ಅತ್ತೆ ಮಾವನ ಖೋಲಿ. ಮೊದಲ ಮಾಳಿಗೆಯಲ್ಲಿ ನಮ್ಮೆಲ್ಲರ ಮಲಗುವ ಖೋಲಿಗಳು. ಎರಡನೆಯ ಮಾಳಿಗೆ ಯಾತಕ್ಕೆ ಎಂದು ಯಾರಾದರೂ ಕೇಳಿದರೆ ಮಾವ ಫಂಕ್ಷನ್ನಿಗೆ ಎನ್ನುತ್ತಾರೆ. ಯಾವ ಫಂಕ್ಷನ್ ಎಂದು ಕೇಳಿದವರಿಲ್ಲ. ಅದರ ಮೇಲೆ ಟೆರೇಸು. ಲಿಫ್ಟಿಗೆಂದು ಒಂದು ಜಾಗವನ್ನೂ ಬಿಟ್ಟಿದ್ದಾರೆ. ಸದ್ಯಕ್ಕೆ ಅಲ್ಲಿ ಗೊಬ್ಬರದ ಚೀಲಗಳು ಇವೆ, ಅವು ಮೇಲೆ ಹೋಗುವ ಆಸೆಯನ್ನು ಯಾವತ್ತೂ ತೋರಿಸಿಲ್ಲ.

ನನ್ನ ನೆಗೆಣ್ಣಿ ಎಂದರೆ ಭಾವನ ಹೆಂಡತಿ. ನಾನು ಅಕ್ಕ ಎಂದೇ ಕರೆಯುವುದು. ಅವಳಿಗೆ ಮಾತು ಕಡಿಮೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಇವಳಿಗೆ ಸೊಕ್ಕು ಎಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಈ ಮನೆಯಲ್ಲಿ ಮಾತಾಡಿ ಉಪಯೋಗವಿಲ್ಲ ಎಂಬುದು ಅವಳಿಗೆ ನನಗಿಂತ ಮೊದಲೇ ಅರ್ಥವಾಗಿತ್ತು. ನಾನು ರಾಯಬಾಗದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಬೆಳಿಗ್ಗೆ ಬಸ್ಸು ಹಿಡಿದರೆ ತಿರುಗಿ ಬರುವುದು ಸಂಜೆಗೆ. ಹೀಗಾಗಿ ಮಕ್ಕಳಿಗೆ ಮೂಲಭೂತ ಹಕ್ಕುಗಳನ್ನು ಹೇಳಿಕೊಡುವುದು ನನ್ನ ಪಾಲಿಗೆ, ಮನೆಮಂದಿಯ ಬಟ್ಟೆ ಒಗೆಯುವುದು ಅಕ್ಕನ ಪಾಲಿಗೆ ಬಂದಿತ್ತು. ಭಾನುವಾರ ಮಾತ್ರ ನನ್ನದು. ಕೆಲಸಕ್ಕೆ ಯಾರನ್ನಾದರೂ ಇಟ್ಟುಕೊಳ್ಳಬಾರದೇ ಎಂದು ನನ್ನ ಸಹೋದ್ಯೋಗಿಗಳು ಕೇಳುತ್ತಾರೆ. ತೋಟದ ಕೆಲಸಕ್ಕೆ ಹೋದರೆ ಒಳ್ಳೆಯ ಕೂಲಿ ಸಿಗುವಾಗ, ನಮ್ಮ ಮನೆಯ ಧೋತರ ತಿಕ್ಕಲು ಯಾರು ಬರುತ್ತಾರೆ?

ಹಳೆಯ ಮನೆಯಲ್ಲಿದ್ದಾಗಲೇ ಅಕ್ಕನ ಸೊಂಟ ಒಮ್ಮೆ ಹಿಡಿದುಕೊಂಡು, ಅವಳನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡೇ ಮಿರಜಿಗೆ ಒಯ್ದಿದ್ದರು. ಅಲ್ಲಿನ ಡಾಕ್ಟರು ಮೊದಲು ಮರಾಠಿಯಲ್ಲಿ ಹೇಳಿದರು, ನಮ್ಮ ಮುಖ ನೋಡಿ ಮತ್ತೆ ಕನ್ನಡದಲ್ಲೂ ಹೇಳಿದರು. ಭಾರ ಎತ್ತಿಕೊಂಡು ಮೆಟ್ಟಿಲು ಹತ್ತಬಾರದು. ಹತ್ತಿದರೆ ಮುಂದೆ ಆಪರೇಶನ್ನು. ಆಪರೇಶನ್ ಆದಮೇಲೂ ಮೊದಲಿನ ಹಾಗೆ ಬಗ್ಗಿ ಏಳುವುದು ಖಾತ್ರಿಯಿಲ್ಲ. ಮನೆಯವರೆಲ್ಲ ಎರಡೂ ಭಾಷೆಯಲ್ಲಿ ಅರ್ಥ ಮಾಡಿಕೊಂಡರು. ಅರ್ಥ ಮಾಡಿಕೊಂಡು ಬಂದು ಮೂರು ಅಂತಸ್ತಿನ ಮನೆಗೆ ಪಾಯ ತೋಡಿಸಿದರು.

ಅಕ್ಕ ಕೇಳಿದ್ದು ಒಂದೇ ಒಂದು. ಒಗೆಯುವ ನಲ್ಲಿ, ಒಣಹಾಕುವ ಹಗ್ಗ ಒಂದೇ ಮಾಳಿಗೆಯಲ್ಲಿರಲಿ ಎಂದು. ಅದನ್ನೂ ಅವಳು ನೇರವಾಗಿ ಕೇಳಲಿಲ್ಲ. ನನಗೆ ಹೇಳಿದಳು, ನಾನು ಚಹಾದ ಜೊತೆ ಸಭೆಗೆ ಒಯ್ದೆ. ಸಭೆ ಚಹಾ ತೆಗೆದುಕೊಂಡಿತು. ಅಡುಗೆಮನೆಯ ಪಕ್ಕ ಬಟ್ಟೆ ಒಗೆಯುವ ಮಷಿನ್ ಬೇಡ, ಗೋಡೆಯಾಚೆ ದೇವರಿದ್ದಾನೆ. ಹಿತ್ತಲು ಬೇಡ, ಅಲ್ಲಿ ಟ್ರ್ಯಾಕ್ಟರು, ಟ್ರೇಲರು, ದ್ರಾಕ್ಷಿಗೆ ಔಷಧ ಹೊಡೆಯುವ ಯಂತ್ರ, ಅವುಗಳಿಗೆ ಬಿಸಿಲು ತಾಗಬಾರದೆಂದು ತಗಡಿನ ಶೆಡ್ಡು. ಎರಡನೆಯ ಮಾಳಿಗೆ ಬೇಡ, ಫಂಕ್ಷನ್ ಇದೆ. ಟೆರೇಸಿನ ಮೇಲಿಟ್ಟರೆ ಮಳೆ ಬಿಸಿಲಿಗೆ ಮಷಿನ್ ಬಾಳಿಕೆ ಬರುವುದಿಲ್ಲ. ಮಷಿನ್ನಿನ ಆರೋಗ್ಯದ ಬಗ್ಗೆ ಎಲ್ಲರಿಗೂ ಬಹಳ ಕಾಳಜಿಯಿತ್ತು. ಕೊನೆಗೆ ಇಂಜಿನಿಯರು ನಕಾಶೆಯಲ್ಲಿ ಕೆಳಗಿನ ಮೆಟ್ಟಿಲ ಅಡಿಗೆ ಬೆರಳಿಟ್ಟು, ಇಲ್ಲಿ ಇನ್ವರ್ಟರಿಗೆಂದು ಹೇಗೂ ಕರೆಂಟಿನ ಪಾಯಿಂಟ್ ಬರುತ್ತದೆ, ನೀರೂ ಹತ್ತಿರ ಎಂದರು. ಹಗ್ಗಕ್ಕೆ ಟೆರೇಸು ಹೇಗೂ ಇತ್ತು. ಎಲ್ಲರಿಗೂ ಹಗುರವಾಯಿತು. ಒಗೆಯುವುದು ನೆಲದ ಮೇಲೆ, ಒಣಗಿಸುವುದು ಆಕಾಶದಲ್ಲಿ, ನಡುವೆ ಅಕ್ಕ.

ನಿಜ ಹೇಳಬೇಕೆಂದರೆ ಆ ನಕಾಶೆಯಲ್ಲಿ ಬಟ್ಟೆಗೆಂದೇ ಹುಟ್ಟಿದಂಥ ಜಾಗ ಒಂದಿತ್ತು. ಮೊದಲ ಮಾಳಿಗೆಯ ಮುಂಭಾಗದ ಖೋಲಿ, ಅದಕ್ಕೆ ಹೊಂದಿ ಬಚ್ಚಲು, ಆಚೆ ಉದ್ದನೆಯ ಬಾಲ್ಕನಿ. ಮೇಲೆ ಸ್ಲ್ಯಾಬು ಇರುವುದರಿಂದ ಮಳೆ ತಾಗುವುದಿಲ್ಲ. ಹೊಳೆಯ ಕಡೆಯ ಗಾಳಿ ನೆಟ್ಟಗೆ ಒಳಗೆ ಬರುತ್ತದೆ, ಮಧ್ಯಾಹ್ನ ಕಳೆದರೆ ಬಿಸಿಲೂ ಬೀಳುತ್ತದೆ. ಬಚ್ಚಲಲ್ಲಿ ಮಷಿನ್, ಬಾಲ್ಕನಿಯಲ್ಲಿ ಹಗ್ಗ, ಅಕ್ಕನ ಖೋಲಿ ಪಕ್ಕದಲ್ಲೇ. ಇದಕ್ಕಿಂತ ಇನ್ನೇನು ಬೇಕು? ಆದರೆ ಆ ಖೋಲಿ ಅಜ್ಜಾರದು.

ಅಜ್ಜಾರು ಎಂದರೆ ಮನೆಯ ಅಜ್ಜನಲ್ಲ. ಮಠದ ಸ್ವಾಮಿಗಳನ್ನು ನಮ್ಮ ಕಡೆ ಹಾಗೆ ಕರೆಯುತ್ತೇವೆ. ಕೈ ಸ್ವಲ್ಪ ಸಡಿಲವಾದವರು ಹೊಸ ಮನೆ ಕಟ್ಟಿಸಿದರೆ ಅಜ್ಜಾರಿಗೆಂದು ಒಂದು ಖೋಲಿ ತೆಗೆದಿಡುವುದು ದೊಡ್ಡಸ್ತಿಕೆ. ಅಜ್ಜಾರು ಪಾದಪೂಜೆಗೆ ಎಂದೋ ಒಮ್ಮೆ ಬರುತ್ತಾರೆ, ಅದೂ ಬಿಡುವಿದ್ದರೆ. ಉಳಿದಂತೆ ಬೀಗ. ಗಾಳಿ ಬೆಳಕು ಚೆನ್ನಾಗಿರುವ ಖೋಲಿಗೇ ಬೀಗ ಬೀಳಬೇಕು, ಇಲ್ಲದಿದ್ದರೆ ಭಕ್ತಿ ಎನ್ನುವುದಕ್ಕೆ ಏನು ಬೆಲೆ ಬಂತು? ನಮ್ಮ ಮಾವ ಆ ಖೋಲಿಗೆ ಸೋಫಾ, ಎಸಿ, ಗೀಜರು, ತೂಗುವ ಗಾಜಿನ ದೀಪ ಎಲ್ಲ ಹಾಕಿಸಿದರು. ಸೋಫಾಕ್ಕೆ ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಹಾಳೆಯನ್ನು ಮಾತ್ರ ತೆಗೆಯಲಿಲ್ಲ.

ಇನ್ನು ಬಾಲ್ಕನಿಯ ಸಂಗತಿ. ಇಂಜಿನಿಯರು ಹೋಗುವಾಗ ಮಾವನ ತಲೆಗೆ ಎಲಿವೇಶನ್ ಎಂಬ ಒಂದು ಶಬ್ದ ತುಂಬಿ ಹೋಗಿದ್ದರು. ಮನೆಯ ಮುಂಭಾಗ ರಸ್ತೆಯಿಂದ ಹೇಗೆ ಕಾಣುತ್ತದೆ ಎಂಬುದಕ್ಕೆ ಆ ಹೆಸರು. ಅಂದಿನಿಂದ ಮಾವನಿಗೆ ಮನೆಯ ಒಳಗೆ ಏನಿದೆ ಎಂಬುದು ಮರೆತೇ ಹೋಯಿತು. ಬಣ್ಣದ ಕಲ್ಲು, ಗಾಜು ಸ್ಟೀಲಿನ ರೇಲಿಂಗು, ಬಂಗಾರದ ಬಣ್ಣದ ದೀಪಗಳು, ಎರಡು ಬದಿಗೆ ಸಿಮೆಂಟಿನ ಆನೆ. ಅಜ್ಜಾರ ಖೋಲಿಯ ಬಾಲ್ಕನಿಯಲ್ಲಿ ಒಂದು ಹಗ್ಗ ಕಟ್ಟಿದರೆ ಅಕ್ಕನಿಗೆ ಅನುಕೂಲ ಎಂದು ನಾನು ಹೇಳಿದಾಗ ಮಾವ ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಆನೆಯ ಸೊಂಡಿಲು ಕತ್ತರಿಸೋಣ ಎಂದಿದ್ದರೂ ಅಷ್ಟು ನೊಂದುಕೊಳ್ಳುತ್ತಿರಲಿಲ್ಲ.

"ಎಲಿವೇಶನ್ ಮ್ಯಾಲ ಹೆಂಗಸರ ಅರಿವಿ ಒಣಾ ಹಾಕತಾರೇನವಾ? ಮಂದಿ ನೋಡಿ ಏನ ಅಂದಾರು?"

ಈ ಊರಿಗೆ ಬಂದು ಇಷ್ಟು ವರ್ಷವಾದರೂ ಈ ಮಂದಿ ಎಂಬುವವರನ್ನು ನಾನು ಇನ್ನೂ ಮುಖತಃ ಕಂಡಿಲ್ಲ. ಎದುರಿನ ಮನೆಯವರು ಬಾಗಿಲಲ್ಲೇ ಎಮ್ಮೆ ಕಟ್ಟುತ್ತಾರೆ. ಪಕ್ಕದವರು ರಸ್ತೆಯ ಕಡೆಯ ಗೋಡೆಗೆ ಸಗಣಿಯ ಕುಳ್ಳು ತಟ್ಟುತ್ತಾರೆ. ಇವರಲ್ಲಿ ನಮ್ಮ ಸೀರೆ ನೋಡಿ ಮೂಗು ಮುರಿಯುವವರು ಯಾರು ಎಂದು ಕೇಳಲು ಬಾಯಿ ತೆರೆದೆ. ನನ್ನ ಗಂಡ ಕಣ್ಣಲ್ಲೇ ಸುಮ್ಮನಿರು ಎಂದ. ಅವನ ಧೈರ್ಯವೆಲ್ಲ ಕಣ್ಣಲ್ಲೇ ಇದೆ, ಬಾಯಿಗೆ ಎಂದೂ ಇಳಿದು ಬಂದದ್ದಿಲ್ಲ.

ಗೃಹಪ್ರವೇಶಕ್ಕೆ ಅಜ್ಜಾರು ಬಂದರು. ಪಾದಪೂಜೆಯಾಯಿತು. ಅವರ ಖೋಲಿಯಲ್ಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ಸ್ವಲ್ಪ ಹೊತ್ತು ಕುಳಿತರು, ಒಂದು ಲೋಟ ಹಾಲು ಕುಡಿದರು, ಹೋದರು. ಖೋಲಿಗೆ ಬೀಗ ಬಿದ್ದು ಕೀಲಿಕೈ ಅತ್ತೆಯ ಸೊಂಟಕ್ಕೆ ಬಂತು. ಮರುದಿನದಿಂದ ಅಕ್ಕನ ಯಾತ್ರೆ ಶುರುವಾಯಿತು.

ಅವಳು ಒಂದು ಬಕೀಟು ಬಟ್ಟೆಯನ್ನು ಎರಡು ಪಾಲು ಮಾಡಿ, ಅರ್ಧರ್ಧ ಹೊತ್ತುಕೊಂಡು ಹೋಗುತ್ತಿದ್ದಳು. ಮೊದಲ ಮಾಳಿಗೆ ಮುಟ್ಟುವ ತಿರುವಿನಲ್ಲಿ ಬಕೀಟು ಇಳಿಸಿ, ಮೆಟ್ಟಿಲ ಮೇಲೆ ಕುಳಿತು, ಸೊಂಟಕ್ಕೆ ಕೈ ಒತ್ತಿಕೊಂಡು ಸುಧಾರಿಸಿಕೊಳ್ಳುವಳು. ಎದುರಿಗೇ ಬೀಗ ಹಾಕಿದ ಅಜ್ಜಾರ ಖೋಲಿ. ಬೇಸಿಗೆಯಲ್ಲಿ ಹೇಗೋ ನಡೆಯಿತು. ಮಳೆಗಾಲ ಬಂತು. ನಮ್ಮ ಕಡೆಯ ಮಳೆ ಸುರಿದು ಮುಗಿಸಿ ಹೋಗುವ ಪೈಕಿ ಅಲ್ಲ. ಜಿಟಿಜಿಟಿ ಹಿಡಿದು, ನಿಂತು, ಬಿಸಿಲು ಬಿಟ್ಟು, ಬಟ್ಟೆ ಹಾಕಿದ್ದಾರೋ ಎಂದು ನೋಡಿಕೊಂಡು ಮತ್ತೆ ಬರುತ್ತದೆ. ಹನಿ ಬಿದ್ದರೆ ಅಕ್ಕ ಮೇಲೆ ಓಡಬೇಕು, ಹನಿ ನಿಂತರೆ ಮತ್ತೆ ಓಡಬೇಕು.

ಮನೆಯವರು ಕೈಕಟ್ಟಿ ಕುಳಿತಿದ್ದರು ಎಂದರೆ ಅನ್ಯಾಯವಾದೀತು. ಭಾವ ಒಂದು ದಿನ ತಾನೇ ಬಕೀಟು ಎತ್ತಿಕೊಂಡು ಹೊರಟ. ತಿರುವಿನವರೆಗೆ ಹೋಗುವಷ್ಟರಲ್ಲಿ ಫೋನು ಬಂತು. ಕಬ್ಬು ಕಡಿಯುವ ಟೋಳಿಯವರ ಫೋನು, ಮಹತ್ವದ್ದು. ಬಕೀಟು ಅಲ್ಲೇ ಉಳಿಯಿತು. ಭಾವ ಮಾತಾಡುತ್ತ ಹೊಲದವರೆಗೂ ಹೋಗಿಬಿಟ್ಟ. ನನ್ನ ಗಂಡ ಸೊಂಟದ ವ್ಯಾಯಾಮದ ವಿಡಿಯೋ ಹುಡುಕಿ ಅಕ್ಕನಿಗೆ ಕಳಿಸಿದ. ಮಾವ ಲಿಫ್ಟು ಹಾಕಿಸೋಣ ಎಂದರು, ಮತ್ತು ಗೊಬ್ಬರದ ಚೀಲಗಳ ಕಡೆ ನೋಡಿ ಸುಮ್ಮನಾದರು.

ಮಂಗಸೂಳಿಯ ಮಲ್ಲಯ್ಯ ನಮ್ಮ ಮನೆದೇವರು. ಒಂದು ಭಾನುವಾರ ಗಂಡಸರು ಹೋಗಿ ಬಂದರು. ಅಲ್ಲಿ ಭಂಡಾರ ತೂರುತ್ತಾರೆ, ಅಂದರೆ ಅರಿಷಿಣದ ಪುಡಿ. ಅರಿಷಿಣದಲ್ಲಿ ಮುಳುಗಿ ಏಳಲು ಹೋಗುವವರು ಹಾಲಿನಂಥ ಬಿಳಿ ಧೋತರ, ಬಿಳಿ ಅಂಗಿ, ಬಿಳಿ ಟೊಪ್ಪಿಗೆಯನ್ನೇ ಹಾಕಿಕೊಂಡು ಹೋಗಬೇಕೆಂದು ಮಲ್ಲಯ್ಯ ಹೇಳಿರಲಾರ. ಆ ಕಲೆ ಸಾಬೂನಿಗೆ ಹೋಗುವುದಿಲ್ಲ, ಬಿಸಿಲಿಗೇ ಹೋಗಬೇಕು. ಮರುದಿನ ನಾನು ಶಾಲೆಗೆ ಹೋಗಿದ್ದೆ. ಅಕ್ಕ ಅವನ್ನೆಲ್ಲ ತಿಕ್ಕಿ, ಮಷಿನ್ನಿಗೆ ಹಾಕಿ, ಬಿಸಿಲು ಇಳಿಯುವ ಮೊದಲು ಮೇಲೆ ಮುಟ್ಟಿಸಬೇಕೆಂದು ಒಂದೇ ಸಲಕ್ಕೆ ಹೊತ್ತುಕೊಂಡಳಂತೆ. ತಿರುವಿನಲ್ಲಿ ಸೊಂಟ ಹಿಡಿಯಿತು. ಕೂಗುವವಳಲ್ಲ. ಅತ್ತೆ ಏನೋ ಕೇಳಲು ಮೇಲೆ ಬಂದವರು ನೋಡುವ ತನಕ ಗೋಡೆಗೆ ಒರಗಿ ಹಾಗೇ ಕುಳಿತಿದ್ದಳು.

ಸಂಜೆ ನಾನು ಬಂದಾಗ ಅಕ್ಕ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಬಕೀಟು ಇನ್ನೂ ಮೆಟ್ಟಿಲ ಮೇಲೆಯೇ ಇತ್ತು. ಅಲ್ಲಿಯವರೆಗೆ ಮನೆಯ ಗಂಡಸರೆಲ್ಲ ಅದನ್ನು ದಾಟಿಕೊಂಡೇ ಮೇಲೆ ಕೆಳಗೆ ಓಡಾಡಿದ್ದರು. ಒಬ್ಬರಿಗೂ ಅದನ್ನು ಎತ್ತಿ ಬದಿಗಿಡಬೇಕು ಎನ್ನಿಸಿರಲಿಲ್ಲ. ನನಗೆ ಅಳು ಬಂತು, ಅಳುವಿಗಿಂತ ಹೆಚ್ಚು ಸಿಟ್ಟು ಬಂತು. ಆ ಹಸಿ ಧೋತರಗಳನ್ನು ಒಯ್ದು ಸಿಮೆಂಟಿನ ಆನೆಗಳಿಗೆ ಉಡಿಸಿಬಿಡಬೇಕು ಎನ್ನಿಸಿತ್ತು. ಉಡಿಸಲಿಲ್ಲ. ಮೇಲೆ ಒಯ್ದು ಹಾಕಿ ಬಂದೆ.

ಮತ್ತೆ ಮಿರಜು. ಈ ಸಲ ಆಪರೇಶನ್ ತಪ್ಪಿತು, ಮುಂದಿನ ಸಲ ತಪ್ಪುವುದಿಲ್ಲ ಎಂದರು ಡಾಕ್ಟರು. ಸೊಂಟಕ್ಕೆ ಕಟ್ಟಿಕೊಳ್ಳಲು ಒಂದು ಪಟ್ಟಿ ಕೊಟ್ಟರು. ಭಾವನಿಗೆ ನಿಜವಾಗಿಯೂ ಕೆಟ್ಟದೆನಿಸಿತು, ಅದನ್ನು ಒಪ್ಪಬೇಕು. ಬರುವ ದಾರಿಯಲ್ಲಿ ಮಂಕಾಗಿದ್ದವನು ಎರಡು ದಿನ ಯೋಚಿಸಿ, ಚಿಕ್ಕೋಡಿಗೆ ಹೋಗಿ ಮೊದಲಿನದಕ್ಕಿಂತ ದೊಡ್ಡ ಮಷಿನ್ ತಂದ. ಈಗ ಒಂದೇ ಸಲಕ್ಕೆ ಹೆಚ್ಚು ಬಟ್ಟೆ ಒಗೆಯಬಹುದು, ಅಂದರೆ ಒಂದೇ ಸಲಕ್ಕೆ ಹೆಚ್ಚು ಹೊರಬಹುದು. ಹೆಂಡತಿಯ ಮೇಲಿನ ಪ್ರೀತಿಯನ್ನು ಇಷ್ಟು ತೂಕವಾಗಿ ತೋರಿಸಿದವರನ್ನು ನಾನು ನೋಡಿಲ್ಲ. ಬಾಲ್ಕನಿಯ ಮಾತನ್ನು ನಾನು ಮತ್ತೊಮ್ಮೆ ಎತ್ತಿದೆ. ಅಜ್ಜಾರ ಖೋಲಿಯ ಸುದ್ದಿಗೆ ಹೋಗಬೇಡ ಎಂದು ಮಾವ ಅಲ್ಲಿಗೇ ನಿಲ್ಲಿಸಿದರು. ಅಕ್ಕ ಪಟ್ಟಿ ಬಿಗಿದುಕೊಂಡು ಮತ್ತೆ ಮೆಟ್ಟಿಲು ಹತ್ತತೊಡಗಿದಳು.

ಶ್ರಾವಣ ಬಂತು. ಶ್ರಾವಣದಲ್ಲಿ ಅಜ್ಜಾರು ಹೊರಗಿನಿಂದ ಬಂದು ಊರ ಮಠದಲ್ಲಿ ಇಳಿದುಕೊಂಡು ದಿನಾ ಸಂಜೆ ಪ್ರವಚನ ಹೇಳುತ್ತಾರೆ. ಆ ವರ್ಷ ಮಠದ ಅತಿಥಿಗಳ ಖೋಲಿ ಸೋರತೊಡಗಿತ್ತು. ಅಜ್ಜಾರನ್ನು ಎಲ್ಲಿ ಇಳಿಸುವುದು ಎಂಬ ಮಾತು ಬಂದಾಗ ಮಾವ ಎದ್ದು ನಿಂತರಂತೆ. ಅವರು ಮನೆ ಕಟ್ಟಿಸಿದ್ದೇ ಆ ಗಳಿಗೆಗಾಗಿ ಎನ್ನಬೇಕು. ನಮ್ಮಲ್ಲಿ ಓಡಾಟವೋ ಓಡಾಟ. ಎಸಿ ತಣ್ಣಗೆ ಬೀಸುತ್ತದೋ ಎಂದು ಆ ಶೀತ ಹವೆಯಲ್ಲಿ ಹಚ್ಚಿ ನೋಡಿದರು. ಗೀಜರು, ಹೊಸ ಚಾಪೆ, ಹೊಸ ಕಂಬಳಿ, ಪೂಜೆಗೆ ಮಣೆ, ಬೆಳ್ಳಿಯ ತಟ್ಟೆ. ಅಜ್ಜಾರಿಗೆ ಬೇಕಾಗಬಹುದಾದ ಯಾವುದನ್ನೂ ಮಾವ ಬಿಟ್ಟಿರಲಿಲ್ಲ. ಹಾಗೆಂದು ಅವರು ತಿಳಿದಿದ್ದರು.

ಅಜ್ಜಾರು ಒಂದು ಬಟ್ಟೆಯ ಚೀಲ ಹಿಡಿದು ಬಂದಿಳಿದರು. ವಯಸ್ಸಾದವರು, ಮೊಣಕಾಲು ಹಿಡಿದುಕೊಂಡೇ ಹತ್ತಿದರು. ಮರುದಿನ ಬೆಳಕು ಹರಿಯುವ ಹೊತ್ತಿಗೆ ಸ್ನಾನ, ಲಿಂಗಪೂಜೆ ಎಲ್ಲ ಮುಗಿಯಿತು. ಪೂಜೆಗೆ ಉಡುವ ಮಡಿಯನ್ನು ಅವರು ಇನ್ನೊಬ್ಬರ ಕೈಗೆ ಕೊಡುವುದಿಲ್ಲ, ತಾವೇ ಒಗೆದು ತಾವೇ ಒಣಹಾಕುವುದು ಅವರ ನೇಮ. ನಾವೆಲ್ಲ ಕೈಮುಗಿದು ಬಾಗಿಲ ಹೊರಗೆ ಸಾಲಾಗಿ ನಿಂತಿದ್ದೆವು. ಅಜ್ಜಾರು ಹಿಂಡಿದ ಕಾವಿ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು ಬಚ್ಚಲಿನಿಂದ ಹೊರಗೆ ಬಂದು, ಖೋಲಿಯ ತುಂಬ ಕಣ್ಣಾಡಿಸಿ ಮಾವನನ್ನು ಕೇಳಿದರು.

"ಮಡಿ ಅರಿವಿ ಒಣಾ ಹಾಕಾಕ ಎಲ್ಲಿ ವ್ಯವಸ್ಥಾ ಮಾಡೀರಿ?"

ಮಾವ ಎಸಿ ನೋಡಿದರು, ಸೋಫಾ ನೋಡಿದರು, ತೂಗುವ ದೀಪವನ್ನೂ ನೋಡಿದರು. ಮೂರು ಅಂತಸ್ತಿನ ಮನೆ, ಅಜ್ಜಾರ ಒಂದು ಹಸಿ ಬಟ್ಟೆಗೆ ಜಾಗವಿರಲಿಲ್ಲ. ಈ ಪ್ರಶ್ನೆಯನ್ನು ಅಕ್ಕ ಮನೆಯ ನಕಾಶೆ ಬರೆಯುವಾಗಲೇ ಕೇಳಿದ್ದಳು. ಅದು ಕಾವಿ ಉಟ್ಟುಕೊಂಡು ಬಂದಾಗ ಮಾವನಿಗೆ ಕೇಳಿಸಿತು. ಟೆರೇಸಿದೆ ಬುದ್ಧಿ ಎಂದು ತೊದಲಿದರು. ಅಷ್ಟು ಮೇಲೆ ಹತ್ತಲು ತಮ್ಮ ಮೊಣಕಾಲು ಒಪ್ಪುವುದಿಲ್ಲ, ಮೇಲಾಗಿ ಮಳೆ ಹಿಡಿದಿದೆಯಲ್ಲ ಎಂದರು ಅಜ್ಜಾರು. ಆಮೇಲೆ ಯಾರನ್ನೂ ಕೇಳಲಿಲ್ಲ. ಬಾಲ್ಕನಿಯ ಬಾಗಿಲು ತೆಗೆದು ಗಾಳಿ ನೋಡಿದರು, ತಲೆಯೆತ್ತಿ ಸ್ಲ್ಯಾಬು ನೋಡಿದರು. ಚೀಲದಿಂದ ಒಂದು ನೂಲಿನ ಹಗ್ಗ ತೆಗೆದು, ಒಂದು ತುದಿಯನ್ನು ಬಂಗಾರ ಬಣ್ಣದ ದೀಪದ ಕಂಬಿಗೆ, ಇನ್ನೊಂದನ್ನು ರೇಲಿಂಗಿನ ತುದಿಗೆ ಕಟ್ಟಿದರು. ಕಾವಿ ಬಟ್ಟೆಯನ್ನು ಕೊಡವಿ ಹಾಕಿದರು. ಎಲಿವೇಶನ್ನಿನ ನಟ್ಟನಡುವೆ, ಎರಡು ಆನೆಗಳ ಮಧ್ಯೆ.

ನಾನು ಅಕ್ಕನ ಮುಖ ನೋಡಿದೆ. ಅವಳು ಹಗ್ಗವನ್ನು ನೋಡುತ್ತಿದ್ದಳು.

ಮಾವ ಕೆಳಗಿಳಿದು ರಸ್ತೆಗೆ ಹೋಗಿ ನಿಂತರು. ಹೊಲಕ್ಕೆ ಹೊರಟವರು, ಡೇರಿಗೆ ಹಾಲು ಹಾಕಲು ಹೋಗುವವರು ಬಾಲ್ಕನಿಯ ಕಾವಿ ಕಂಡು ಚಪ್ಪಲಿ ಬಿಟ್ಟು ಕೈಮುಗಿದು ಹೋಗುತ್ತಿದ್ದರು. ನಮ್ಮ ಮನೆಯ ಮುಂಭಾಗಕ್ಕೆ ಅಷ್ಟು ಗೌರವ ಅದಕ್ಕೂ ಮೊದಲು ಸಿಕ್ಕಿರಲಿಲ್ಲ. ಮಂದಿ ಏನು ಅಂದಾರು ಎಂಬುದಕ್ಕೆ ಉತ್ತರ ಸಿಕ್ಕಿತು, ಮಂದಿ ಅಡ್ಡಬೀಳುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಮಾವ ಸ್ವತಃ ಕೈ ತೋರಿಸಿ ಬಂದವರಿಗೆ ಹಗ್ಗದ ದರ್ಶನ ಮಾಡಿಸುತ್ತಿದ್ದರು. ಸಂಜೆ ಪ್ರವಚನದಲ್ಲಿ ಅಜ್ಜಾರು ಕಾಯಕದ ಬಗ್ಗೆ, ತನ್ನ ಕೆಲಸ ತಾನು ಮಾಡಿಕೊಳ್ಳುವುದರ ಬಗ್ಗೆ ಹೇಳುತ್ತಿದ್ದರು. ಮಾವ ಮುಂದಿನ ಸಾಲಿನಲ್ಲಿ ಕುಳಿತು ತಲೆಯಾಡಿಸುತ್ತಿದ್ದರು. ಮನೆಗೆ ಬಂದು ತೊಯ್ದ ಟೊಪ್ಪಿಗೆಯನ್ನು ಮಷಿನ್ನಿನ ಮೇಲೆ ಎಸೆದು ಊಟಕ್ಕೆ ಕುಳಿತರು.

ಅಜ್ಜಾರು ಇದ್ದಷ್ಟು ದಿನ ಅಕ್ಕನ ಯಾತ್ರೆ ನಿಲ್ಲಲಿಲ್ಲ, ಬಟ್ಟೆ ಇನ್ನೂ ಹೆಚ್ಚಾಗಿತ್ತು. ಒಂದು ಭಾನುವಾರ ನಾನೂ ಅವಳೂ ಒಂದೊಂದು ಬಕೀಟು ಹಿಡಿದು ಹತ್ತುತ್ತಿದ್ದೆವು. ಅಕ್ಕ ತಿರುವಿನಲ್ಲಿ ಕುಳಿತಳು. ಅಷ್ಟರಲ್ಲಿ ಅಜ್ಜಾರು ಖೋಲಿಯಿಂದ ಹೊರಗೆ ಬಂದರು. ಅಕ್ಕ ಗಡಬಡಿಸಿ ಏಳಲು ಹೋಗಿ, ಏಳಲಾಗದೆ ಸೊಂಟ ಹಿಡಿದುಕೊಂಡಳು. ಕೂತಿರು ಎಂದು ಅವರು ಕೈಸನ್ನೆ ಮಾಡಿದರು. ಎಲ್ಲಿಗೆ ಒಯ್ಯುತ್ತೀ ತಂಗಿ ಎಂದು ಕೇಳಿದರು. ಮೇಲಕ್ಕೆ ಎಂದಳು ಅಕ್ಕ. ಅಜ್ಜಾರು ಮೇಲಿನ ಮೆಟ್ಟಿಲುಗಳನ್ನು ಸ್ವಲ್ಪ ಹೊತ್ತು ನೋಡಿದರು, ಅಕ್ಕನ ಸೊಂಟದ ಪಟ್ಟಿ ನೋಡಿದರು. ಎಲ್ಲವನ್ನೂ ಹೇಳಿಬಿಡಲು ನನ್ನ ನಾಲಿಗೆ ತುರಿಸುತ್ತಿತ್ತು. ಅಕ್ಕ ನನ್ನ ಸೀರೆಯ ಸೆರಗು ಹಿಡಿದು ಎಳೆದಳು. ಅಜ್ಜಾರು ಕೆಳಗಿಳಿದು ಹೋದರು.

ಪ್ರವಚನ ಮುಗಿದು ಅಜ್ಜಾರು ಹೊರಟರು. ಚೀಲ ಕಟ್ಟುವಾಗ ಭಾವ ಹಗ್ಗ ಬಿಚ್ಚಿಕೊಡಲು ಮುಂದಾದ. ಅಜ್ಜಾರು ತಡೆದರು.

"ಇರ್ಲಿ ಬಿಡೋ. ಕಟ್ಟಿದ ಹಗ್ಗ ಯಾಕ ಬಿಚ್ಚತಿ? ಮನ್ಯಾಗ ಬೇಕಾಗತೈತಿ."

ಹಾಗೆ ಹೇಳಿದಾಗ ಅವರು ಯಾರ ಕಡೆಯೂ ನೋಡಲಿಲ್ಲ. ಮಾವನಿಗೆ ಅದು ಆಶೀರ್ವಾದವಾಗಿ ಕೇಳಿಸಿತು. ಕಾರು ಕಣ್ಮರೆಯಾಗುವ ಮೊದಲೇ ಅಪ್ಪಣೆಯಾಯಿತು, ಅಜ್ಜಾರು ಸ್ವಹಸ್ತದಿಂದ ಕಟ್ಟಿದ ಗಂಟು, ಅದನ್ನು ಯಾರೂ ಬಿಚ್ಚಕೂಡದು. ಬಂದು ಹೋಗುವವರಿಗೆಲ್ಲ ಅದನ್ನೇ ಹೇಳಿದರು. ಊರಲ್ಲಿ ಯಾರ ಮನೆಗೂ ಇಲ್ಲದ ಮರ್ಯಾದೆ, ಖಾಲಿ ಹಗ್ಗವೊಂದು ಎಲಿವೇಶನ್ನಿನ ಮೇಲೆ ಗಾಳಿಗೆ ತೂಗುತ್ತ ಇತ್ತು. ಅತ್ತೆ ದಿನಾ ಬೆಳಿಗ್ಗೆ ಖೋಲಿಯ ಬೀಗ ತೆಗೆದು ಊದಿನಕಡ್ಡಿ ಹಚ್ಚಿ ಬರುತ್ತಿದ್ದರು.

ಅದಾಗಿ ಸ್ವಲ್ಪ ದಿನಕ್ಕೆ ಹೊಳೆ ತುಂಬಿ, ಮಳೆ ಜೋರಾಗಿ ಶಾಲೆಗೆ ರಜೆ ಕೊಟ್ಟರು. ನಾನು ಮನೆಯಲ್ಲಿದ್ದೆ. ಒಗೆದು ಮುಗಿಸಿ ಮಷಿನ್ ನಿಂತಿತು. ಹನಿ ಸ್ವಲ್ಪ ನಿಂತದ್ದು ನೋಡಿ ಅಕ್ಕ ಒಂದು ಬಕೀಟು, ನಾನು ಒಂದು ಹಿಡಿದು ಟೆರೇಸಿಗೆ ಹೊರಟೆವು. ತಿರುವಿನಲ್ಲಿ ಅವಳು ಎಂದಿನಂತೆ ಕುಳಿತಳು. ಎದುರಿಗೆ ಅಜ್ಜಾರ ಖೋಲಿಯ ಬಾಗಿಲು ತೆರೆದಿತ್ತು, ಒಳಗೆ ಅತ್ತೆ ಊದಿನಕಡ್ಡಿ ಹಚ್ಚುತ್ತಿದ್ದರು. ಅಕ್ಕ ಎದ್ದಳು. ಮೇಲಿನ ಮೆಟ್ಟಿಲಿಗೆ ಕಾಲಿಡಲಿಲ್ಲ. ಬಕೀಟು ಎತ್ತಿಕೊಂಡು ನೆಟ್ಟಗೆ ಖೋಲಿಯೊಳಗೆ ನಡೆದು, ಬಾಲ್ಕನಿಗೆ ಹೋಗಿ, ತನ್ನ ಸೀರೆಯ ಒಂದು ತುದಿಯನ್ನು ಹಗ್ಗದ ಮೇಲೆ ಎಸೆದಳು. ನಾನು ಅತ್ತೆಯನ್ನು ನೋಡಿದೆ. ಅತ್ತೆ ಊದಿನಕಡ್ಡಿಯನ್ನು ನಿಧಾನವಾಗಿ ಸಿಗಿಸಿಟ್ಟರು. ಹೊರಗೆ ಬಂದು ಸೀರೆಯ ಇನ್ನೊಂದು ತುದಿ ಹಿಡಿದು ಕೊಡವಿ, ಸುಕ್ಕು ಬಿಡಿಸಿ ಅಕ್ಕನಿಗೆ ಎಟುಕಿಸಿದರು. ನಾನು ನನ್ನ ಬಕೀಟಿನ ಲಂಗಗಳನ್ನು ಪಕ್ಕದಲ್ಲಿ ಹಾಕಿದೆ, ಕೊನೆಗೆ ಮಾವನ ಧೋತರವನ್ನು.

ಮಾವ ಮಳೆಯಲ್ಲಿ ಹೊಲ ನೋಡಿಕೊಂಡು ಬಂದರು. ರಸ್ತೆಯಿಂದಲೇ ಕಂಡಿರಬೇಕು, ಕೆಸರು ಕಾಲಲ್ಲೇ ಮೆಟ್ಟಿಲು ಹತ್ತಿ ಬಂದರು. ಅಷ್ಟು ವೇಗವಾಗಿ ಅವರು ಆ ಮೆಟ್ಟಿಲು ಹತ್ತಿದ್ದನ್ನು ನಾನು ನೋಡಿರಲಿಲ್ಲ. ಅಜ್ಜಾರು ಕಟ್ಟಿದ ಹಗ್ಗದ ಮೇಲೆ ಹೆಂಗಸರ ಬಟ್ಟೆಯೇ, ಯಾರು ಹಾಕಿದ್ದು, ತಲೆ ನೆಟ್ಟಗಿದೆಯೇ, ಊರವರಿಗೆ ಹೇಗೆ ಮುಖ ತೋರಿಸುವುದು ಎಂದು ಒಂದೇ ಉಸಿರಿಗೆ ಕೂಗಾಡಿದರು. ನಾನು ಉತ್ತರ ಕೊಡಲು ಮುಂದೆ ಬಂದೆ. ಅಕ್ಕ ನನ್ನನ್ನು ಬದಿಗೆ ಸರಿಸಿದಳು. ಸೊಂಟದ ಪಟ್ಟಿಯ ಮೇಲೆ ಕೈಯಿಟ್ಟುಕೊಂಡು ಹೊಸ್ತಿಲಲ್ಲಿ ನಿಂತಳು.

"ಹಗ್ಗ ಬಿಚ್ಚಿಬಿಡ್ರಿ ಮಾವಾರ. ನಾ ಅರಿವಿ ತಗೋತೀನಿ."

ಅಷ್ಟೇ ಹೇಳಿದ್ದು, ಮೆತ್ತಗೆ, ಊಟಕ್ಕೆ ಬಡಿಸಲೇ ಎಂದು ಕೇಳುವ ದನಿಯಲ್ಲಿ. ಮಾವ ದೀಪದ ಕಂಬಿಯ ಕಡೆ ಹೋದರು. ಗಂಟಿನ ಹತ್ತಿರ ಕೈ ಒಯ್ದರು. ಕೈ ಅಲ್ಲೇ ನಿಂತಿತು. ಅದನ್ನು ಬಿಚ್ಚಕೂಡದೆಂದು ಊರಿಗೆಲ್ಲ ಸಾರಿದ ಬಾಯಿಯೂ ಅವರದೇ, ಕೈಯೂ ಅವರದೇ. ಕೆಳಗೆ ರಸ್ತೆಯಲ್ಲಿ ಯಾರೋ ಕೊಡೆ ಹಿಡಿದು ಹೋಗುತ್ತಿದ್ದವರು ರೂಢಿಯಂತೆ ಬಾಲ್ಕನಿಯ ಕಡೆ ಕೈಮುಗಿದರು. ಅದನ್ನು ಕಂಡು ಮಾವನ ಕೈಯೂ ರೂಢಿಯಂತೆ ಹಗ್ಗದ ಮುಂದೆ ಜೋಡಿಸಿಕೊಂಡಿತು. ಅವರ ಮೂಗಿನ ಎದುರಿಗೆ ನನ್ನ ನೀಲಿ ಲಂಗ ಗಾಳಿಗೆ ಆಡುತ್ತಿತ್ತು. ನಗು ತಡೆಯಲು ನಾನು ಪಟ್ಟ ಪಾಡು ನನಗೆ ಗೊತ್ತು. ಮಾವ ಕೈ ಇಳಿಸಿ, ಕಾಲು ತೊಳೆದುಕೊಳ್ಳಲು ಕೆಳಗೆ ಹೋದರು.

ಮುಂದಿನ ಭಾನುವಾರ ದೊಡ್ಡ ಮಷಿನ್ನನ್ನು ಭಾವ ಮತ್ತು ನನ್ನ ಗಂಡ ಹೊತ್ತುಕೊಂಡು ಅಜ್ಜಾರ ಬಚ್ಚಲಿಗೆ ತಂದರು. ತಿರುವಿನಲ್ಲಿ ಇಳಿಸಿ, ಅಕ್ಕ ಕೂರುತ್ತಿದ್ದ ಮೆಟ್ಟಿಲ ಮೇಲೆಯೇ ಕುಳಿತು ಏದುಸಿರು ಬಿಟ್ಟರು. ಈ ಮೆಟ್ಟಿಲು ಇಷ್ಟು ಎತ್ತರವೇ ಎಂದು ನನ್ನ ಗಂಡ ಕೇಳಿದ. ಅಕ್ಕ ಅವರಿಬ್ಬರಿಗೂ ನೀರು ತಂದುಕೊಟ್ಟಳು. ಮಾವ ಈಗ ಬಂದವರಿಗೆಲ್ಲ, ಬಟ್ಟೆ ಇಲ್ಲೇ ಹಾಕಬೇಕೆಂದು ಅಜ್ಜಾರ ಅಪ್ಪಣೆ ಎಂದು ಹೇಳುತ್ತಾರೆ. ಹೇಳಿಕೊಳ್ಳಲಿ. ಮಿರಜಿಗೆ ನಾವು ಮತ್ತೆ ಹೋಗಿಲ್ಲ. ಸೋಫಾದ ಪ್ಲಾಸ್ಟಿಕ್ ಹಾಳೆಯನ್ನು ಅಕ್ಕನೇ ಹರಿದು ತೆಗೆದಳು. ಮಷಿನ್ ತಿರುಗಿ ನಿಲ್ಲುವ ತನಕ ಅವಳು ಆ ಸೋಫಾಕ್ಕೆ ಬೆನ್ನು ಆನಿಸಿ ಕೂರುತ್ತಾಳೆ.